ಇಟಾಲಿಯನ್‌ನಲ್ಲಿ ‘ಒಳ್ಳೆಯ’: ಬ್ವೊನ್, ಬ್ವೊನೊ, ಬ್ವೊನ — ಯಾವುದು ಎಲ್ಲಿ?

ಕಕ್ಕಬ್ಬೆ ಹೋಂಸ್ಟೇ

ಮಳೆಗಾಲ ಮುಗಿದ ಮೇಲೆ ಕೊಡಗಿನ ತಡಿಯಂಡಮೋಳ್ ಬೆಟ್ಟ ಹತ್ತಲು ಬರುವವರಲ್ಲಿ ಇಟಲಿಯವರೂ ಇರುತ್ತಾರೆ. ಅವರಿಗಾಗಿ ಊಟದ ಕೋಣೆಯಲ್ಲಿ ಒಂದು ಬೋರ್ಡ್ ಬರೆಯಬೇಕು, ನಾಲ್ಕು ಮಾತು ಬಾಯಲ್ಲೂ ಬರಬೇಕು. ‘ಒಳ್ಳೆಯ’ ಅನ್ನುವುದಕ್ಕೆ ಪುಸ್ತಕದಲ್ಲಿ ಒಂದು ಕಡೆ ಬ್ವೊನೊ ಅಂತಿದೆ, ಇನ್ನೊಂದು ಕಡೆ ಬ್ವೊನ್, ಮತ್ತೊಂದು ಕಡೆ ಬ್ವೊನ. ಒಮ್ಮೆ ಕಾಫಿಯ ಹಿಂದೆ ಬರುತ್ತದೆ, ಒಮ್ಮೆ ಮುಂದೆ. ಇದಕ್ಕೆ ನಿಯಮ ಏನು?

ಇನ್ನೂ ಮೂರು ವಿಷಯ. ಊಟ ಚೆನ್ನಾಗಿತ್ತಾ ಎಂದು ಕೇಳುವಾಗ, ಚೆನ್ನಾಗಿದ್ದೀರಾ ಎಂದು ವಿಚಾರಿಸುವಾಗ, ಮಡಿಕೇರಿಯ ರಾಜಾಸೀಟ್‌ನಿಂದ ನೋಟ ಚೆನ್ನಾಗಿದೆ ಎನ್ನುವಾಗ ಇದೇ ಪದ ಸಾಕಾ? ಬೋರ್ಡಿನಲ್ಲಿ ಕಾಫಿ, ಜೇನು, ಕಿತ್ತಳೆ, ಕಾಚಂಪುಳಿ ಇವಕ್ಕೆಲ್ಲ ‘ಒಳ್ಳೆಯ’ ಸೇರಿಸಬೇಕು. ಗೊತ್ತಿರುವವರು ದಯವಿಟ್ಟು ಉದಾಹರಣೆ ಸಮೇತ ಹೇಳಿ.


ಮಡಿಕೇರಿ ಮೇಷ್ಟ್ರು

ನಿಮ್ಮ ಎರಡನೆಯ ಪ್ರಶ್ನೆಯಿಂದಲೇ ಶುರುಮಾಡುತ್ತೇನೆ, ಕನ್ನಡದವರು ಎಡವುವ ಜಾಗ ಅದು. ನಮಗೆ ‘ಚೆನ್ನಾಗಿ’ ಒಂದಿದ್ದರೆ ಎಲ್ಲ ನಡೆಯುತ್ತದೆ: ಕಾಫಿ ಚೆನ್ನಾಗಿದೆ, ನೋಟ ಚೆನ್ನಾಗಿದೆ, ಚೆನ್ನಾಗಿ ಹಾಡುತ್ತಾಳೆ, ನಾನು ಚೆನ್ನಾಗಿದ್ದೇನೆ. ಇಟಾಲಿಯನ್‌ನಲ್ಲಿ ಈ ಕೆಲಸ ನಾಲ್ಕು ಪದಗಳಿಗೆ ಹಂಚಿಹೋಗಿದೆ. ನಾಲಿಗೆಗೆ ಹಿಡಿಸಿದ್ದು, ಗುಣದಲ್ಲಿ ಒಳ್ಳೆಯದು ‘ಬ್ವೊನೊ’. ಕಣ್ಣಿಗೆ, ಕಿವಿಗೆ, ಮನಸ್ಸಿಗೆ ಹಿತವಾದದ್ದು ‘ಬೆಲ್ಲೊ’. ಮನುಷ್ಯರ ಕೈಚಳಕ, ಜಾಣತನ ‘ಬ್ರಾವೊ’. ಕ್ರಿಯಾಪದದ ಜೊತೆ ಬಂದು ‘ಹೇಗೆ’ ಎಂಬುದಕ್ಕೆ ಉತ್ತರ ಕೊಡುವುದು ‘ಬೇನೆ’. ಕನ್ನಡದ ಬೇನೆಗೆ ಇದು ನೇರ ವಿರುದ್ಧ, ಆದ್ದರಿಂದಲೇ ಒಮ್ಮೆ ಕೇಳಿದರೆ ಮರೆಯುವುದಿಲ್ಲ.

ಹಾಗಾಗಿ:
ಕಾಫಿ ಚೆನ್ನಾಗಿದೆ — ಇಲ್ ಕಫ್ಫೇ ಎ ಬ್ವೊನೊ.
ನೋಟ ಚೆನ್ನಾಗಿದೆ — ಇಲ್ ಪನೊರಾಮ ಎ ಬೆಲ್ಲೊ.
ಅಡುಗೆಯವಳು ಚೆನ್ನಾಗಿ ಮಾಡುತ್ತಾಳೆ — ಲ ಕ್ವೋಕ ಎ ಬ್ರಾವ.
ನಾನು ಚೆನ್ನಾಗಿದ್ದೇನೆ — ಸ್ತೊ ಬೇನೆ.

ಕೊನೆಯದರಲ್ಲಿ ತಪ್ಪಿ ‘ಸೋನೊ ಬ್ವೊನೊ’ ಅಂದರೆ ‘ನಾನು ಸಾಧು ಮನುಷ್ಯ’ ಅಂತ ಅರ್ಥವಾಗುತ್ತದೆ. ಊಟದ ನಂತರ ವಿಚಾರಿಸಲು ‘ತುತ್ತೊ ಬೇನೆ?’ ಸಾಕು, ಎಲ್ಲ ಸರಿಯಿತ್ತಾ ಎಂದು. ಅವರು ‘ತುತ್ತೊ ಬ್ವೊನಿಸ್ಸಿಮೊ’ ಅಂದರೆ ಎಲ್ಲವೂ ತುಂಬಾ ರುಚಿಯಾಗಿತ್ತು ಎಂದು. ಪ್ರಶ್ನೆಯಲ್ಲಿ ಬೇನೆ, ಉತ್ತರದಲ್ಲಿ ಬ್ವೊನೊ ಏಕೆ ಬಂತು ಎಂಬುದನ್ನು ಗಮನಿಸಿ: ನೀವು ಒಟ್ಟು ಹೇಗಾಯಿತು ಎಂದು ಕೇಳಿದಿರಿ, ಅವರು ತಿಂದ ವಸ್ತುವಿನ ರುಚಿ ಹೇಳಿದರು.

ಈಗ ರೂಪಗಳು. ನಾವು ಒಳ್ಳೆ ಹುಡುಗ, ಒಳ್ಳೆ ಹುಡುಗಿ, ಒಳ್ಳೆ ಕಾಫಿ ಎನ್ನುವಾಗ ‘ಒಳ್ಳೆ’ ಬದಲಾಗುವುದಿಲ್ಲ. ಆದರೆ ಒಳ್ಳೆಯವನು, ಒಳ್ಳೆಯವಳು, ಒಳ್ಳೆಯವರು ಎಂದು ಕೊನೆಗೆ ಬಂದಾಗ ಬದಲಾಗುತ್ತದೆ. ಇಟಾಲಿಯನ್‌ನಲ್ಲಿ ಎರಡೂ ಕಡೆ ಬದಲಾಗಬೇಕು. ಪುಲ್ಲಿಂಗ ಏಕವಚನ ಬ್ವೊನೊ, ಬಹುವಚನ ಬ್ವೊನಿ. ಸ್ತ್ರೀಲಿಂಗ ಏಕವಚನ ಬ್ವೊನ, ಬಹುವಚನ ಬ್ವೊನೆ. ನಪುಂಸಕಲಿಂಗ ಇಲ್ಲವೇ ಇಲ್ಲ. ಕಲ್ಲು, ಮರ, ಕಾಫಿ, ಕಿತ್ತಳೆ ಎಲ್ಲಕ್ಕೂ ಗಂಡು ಅಥವಾ ಹೆಣ್ಣು ಎಂಬ ಗುರುತಿದೆ, ಪದ ಕಲಿಯುವಾಗಲೇ ಅದನ್ನೂ ಸೇರಿಸಿ ಬಾಯಿಪಾಠ ಮಾಡಬೇಕು. ಕೊನೆಯ ಸ್ವರ ನೋಡಿ ಊಹಿಸುವುದು ಬಹಳ ಸಲ ಸರಿಹೋಗುತ್ತದೆ, ಓ ಬಂದರೆ ಗಂಡು, ಆ ಬಂದರೆ ಹೆಣ್ಣು ಅಂತ. ಆದರೆ ನಿಮಗೆ ಬೇಕಾದ ಪದಗಳಲ್ಲೇ ಅಪವಾದ ಹೆಚ್ಚು. ಪನೊರಾಮ, ಕ್ಲೀಮ (ಹವಾಮಾನ) ಎರಡೂ ಆ ಇಂದ ಮುಗಿದರೂ ಗಂಡು. ಫೋತೊ ಓ ಇಂದ ಮುಗಿದರೂ ಹೆಣ್ಣು. ಎ ಇಂದ ಮುಗಿಯುವವಂತೂ ನೋಡಿ ಹೇಳಲಾಗುವುದಿಲ್ಲ: ಜೇನು (ಮ್ಯೇಲೆ), ಕರಿಮೆಣಸು (ಪೇಪೆ) ಗಂಡು, ಮಾಂಸ (ಕಾರ್ನೆ), ರಾತ್ರಿ (ನೊತ್ತೆ) ಹೆಣ್ಣು.

ಮೊಟಕಾದ ‘ಬ್ವೊನ್’ ಬರುವುದು ಒಂದೇ ಸಂದರ್ಭದಲ್ಲಿ: ಪುಲ್ಲಿಂಗ ಏಕವಚನ ನಾಮಪದದ ಮುಂಚೆ ಬಂದಾಗ. ಉನ್ ಬ್ವೊನ್ ಕಫ್ಫೇ, ಬ್ವೊನ್ ವ್ಯಾಜ್ಜೊ (ಶುಭ ಪ್ರಯಾಣ). ನಾಮಪದದ ನಂತರವೋ ‘ಎ’ (ಇದೆ, ಆಗಿದೆ) ನಂತರವೋ ಬಂದರೆ ಪೂರ್ತಿ ರೂಪ: ಉನ್ ಕಫ್ಫೇ ಬ್ವೊನೊ, ಇಲ್ ಕಫ್ಫೇ ಎ ಬ್ವೊನೊ.

ಮುಂಚೆ ಬಂದರೂ ಮೊಟಕಾಗದ ಗುಂಪೊಂದಿದೆ, ಅದನ್ನು ಗುರುತಿಸಲು ಕನ್ನಡ ಲಿಪಿಯೇ ಸಹಾಯಕ. ಆ ನಾಮಪದವನ್ನು ಕನ್ನಡದಲ್ಲಿ ಬರೆದು ನೋಡಿ. ಮೊದಲ ಅಕ್ಷರ ‘ಸ’ ಆಗಿದ್ದು ಅದಕ್ಕೆ ಒತ್ತು ಬಂದರೆ ಪೂರ್ತಿ ‘ಬ್ವೊನೊ’: ಬ್ವೊನೊ ಸ್ತುದೆಂತೆ (ಒಳ್ಳೆಯ ವಿದ್ಯಾರ್ಥಿ). ‘ತ್ಸ’ ದಿಂದ ಶುರುವಾದರೂ ಹಾಗೆಯೇ: ಬ್ವೊನೊ ತ್ಸುಕ್ಕೆರೊ (ಸಕ್ಕರೆ). ‘ಶ’ ದಿಂದಲೂ: ಬ್ವೊನೊ ಶಿರೊಪ್ಪೊ (ಶರಬತ್ತಿನ ಪಾಕ). ಬೇರೆ ಒತ್ತಕ್ಷರಗಳಿಗೆ ಈ ಕಟ್ಟು ಇಲ್ಲ, ಬ್ವೊನ್ ಪ್ರೆತ್ಸೊ (ಒಳ್ಳೆಯ ಬೆಲೆ) ಸರಿ. ‘ಒಂದು’ ಎಂಬುದಕ್ಕೆ ಎಲ್ಲಿ ‘ಉನ್’ ಬರುತ್ತದೋ ಅಲ್ಲಿ ‘ಬ್ವೊನ್’, ಎಲ್ಲಿ ‘ಉನೊ’ ಬರುತ್ತದೋ ಅಲ್ಲಿ ‘ಬ್ವೊನೊ’ ಎಂದು ಇಟ್ಟುಕೊಂಡರೆ ಒಂದೇ ನಿಯಮದಲ್ಲಿ ಎರಡು ಕೆಲಸ ಮುಗಿಯುತ್ತದೆ.

ಬರವಣಿಗೆಯಲ್ಲಿ ಅಪಾಸ್ಟ್ರಫಿಯ (ಬಿಟ್ಟ ಸ್ವರದ ಜಾಗದಲ್ಲಿ ಹಾಕುವ ’ ಗುರುತು) ಗೊಂದಲ ಒಂದಿದೆ. ನಿಮ್ಮ ಕಾಚಂಪುಳಿ ಒಂದು ಬಗೆಯ ಹುಳಿರಸ, ವಿನಿಗರ್‌ಗೆ ಅವರ ಪದ ಅಚೇತೊ, ಅದು ಗಂಡು. ‘ಬ್ವೊನ್ ಅಚೇತೊ’ ಬರೆಯುವಾಗ ಅಪಾಸ್ಟ್ರಫಿ ಹಾಕಬಾರದು. ಕಿತ್ತಳೆ ಅರಾಂಚ, ಹೆಣ್ಣು. ಅಲ್ಲಿ ಕೊನೆಯ ಸ್ವರ ಬಿಟ್ಟು ‘ಬ್ವೊನ್’ ಮಾಡಿದರೆ ಅಪಾಸ್ಟ್ರಫಿ ಹಾಕಲೇಬೇಕು. ಬಿಡದೆ ‘ಬ್ವೊನ ಅರಾಂಚ’ ಎಂದು ಪೂರ್ತಿ ಬರೆದರೂ ಸರಿಯೇ, ಕಲಿಯುವವರಿಗೆ ಅದೇ ಸುಲಭ.


ಕುಶಾಲನಗರ ಕ್ಯೂರಿಂಗ್

ಮೇಷ್ಟ್ರು ವ್ಯಾಕರಣ ಹೇಳಿದ್ದಾರೆ. ಕಾಫಿ ವ್ಯವಹಾರದಲ್ಲಿ ಈ ಪದ ಹೇಗೆ ನಡೆಯುತ್ತದೆ ಎಂಬುದನ್ನು ಸೇರಿಸುತ್ತೇನೆ, ಏಕೆಂದರೆ ಕೊಡಗಿನವರಿಗೆ ಇಟಾಲಿಯನ್ ಬೇಕಾಗುವುದು ಬಹುಪಾಲು ಇದಕ್ಕೇ. ಭಾರತದ ಕಾಫಿಯನ್ನು ಅತಿ ಹೆಚ್ಚು ಕೊಳ್ಳುವ ದೇಶ ಇಟಲಿ. ಎಸ್ಪ್ರೆಸೊ ಮಿಶ್ರಣಕ್ಕೆ ಮೈಕಟ್ಟೂ ಮೇಲಿನ ನೊರೆಯೂ ಬರಲೆಂದು ನಮ್ಮ ರೋಬಸ್ಟಾ ಬಳಸುತ್ತಾರೆ.

ಸ್ಯಾಂಪಲ್ ಕಳಿಸಿದ ಮೇಲೆ ‘ಬ್ವೊನೊ’ ಎಂಬ ಉತ್ತರ ಬಂದರೆ ರುಚಿ ಹಿಡಿಸಿತು ಎಂದಷ್ಟೇ ಅರ್ಥ. ಒಪ್ಪಿಗೆ ಕೊಟ್ಟರು ಎಂದುಕೊಳ್ಳಬೇಡಿ. ಒಪ್ಪಿಗೆಗೆ ‘ವಾ ಬೇನೆ’ ಎನ್ನುತ್ತಾರೆ, ನಮ್ಮ ‘ಆಯ್ತು’ ಇದ್ದ ಹಾಗೆ. ‘ಒತ್ತಿಮೊ’ ಬಂದರೆ ಬ್ವೊನೊಗಿಂತ ಒಂದು ಮೆಟ್ಟಿಲು ಮೇಲೆ, ಅತ್ಯುತ್ತಮ ಎಂದು.

ಹೋಲಿಸುವಾಗ ಎರಡು ದಾರಿ. ರುಚಿಯಲ್ಲಿ ಹೆಚ್ಚು ಚೆನ್ನಾಗಿದೆ ಎನ್ನಲು ಮಾತಿನಲ್ಲಿ ‘ಪ್ಯು ಬ್ವೊನೊ’ ಧಾರಾಳವಾಗಿ ನಡೆಯುತ್ತದೆ. ದರ್ಜೆ, ಗುಣಮಟ್ಟ ಹೇಳುವಾಗ, ಅದರಲ್ಲೂ ಪತ್ರದಲ್ಲಿ, ‘ಮಿಲ್ಯೋರೆ’ ಬರೆಯಿರಿ. ‘ಪ್ಯು ಮಿಲ್ಯೋರೆ’ ಎಂದು ಎರಡನ್ನೂ ಸೇರಿಸಿದರೆ ತಪ್ಪು, ಮಿಲ್ಯೋರೆಯಲ್ಲಿ ‘ಹೆಚ್ಚು’ ಆಗಲೇ ಅಡಗಿದೆ. ಅದೇ ರೀತಿ ‘ಮೊಲ್ತೊ ಒತ್ತಿಮೊ’ ಕೂಡ ತಪ್ಪು. ಬೇನೆಗೆ ಇವೆರಡರ ಜೋಡಿ ಬೇರೆ: ಹೆಚ್ಚು ಚೆನ್ನಾಗಿ ಎನ್ನಲು ‘ಮೆಲ್ಯೊ’, ಬಹಳ ಚೆನ್ನಾಗಿ ಎನ್ನಲು ‘ಬೆನಿಸ್ಸಿಮೊ’. ಮಿಲ್ಯೋರೆ, ಮೆಲ್ಯೊ ಎರಡೂ ಕಿವಿಗೆ ಹತ್ತಿರ, ಆದರೆ ಮೊದಲನೆಯದು ವಸ್ತುವಿಗೆ, ಎರಡನೆಯದು ಕೆಲಸ ನಡೆದ ರೀತಿಗೆ.

ಎಚ್ಚರ ಬೇಕಾದ ಒಂದು ನುಡಿಗಟ್ಟು ‘ಅ ಬ್ವೊನ್ ಮೆರ್ಕಾತೊ’. ಬಿಡಿಸಿದರೆ ಒಳ್ಳೆಯ ಮಾರುಕಟ್ಟೆ ಎಂದಾಗುತ್ತದೆ, ಆದರೆ ಅರ್ಥ ‘ಅಗ್ಗ’. ನಿಮ್ಮ ಕಾಫಿಗೆ ಒಳ್ಳೆಯ ಮಾರುಕಟ್ಟೆ ಇದೆ ಎಂದು ಹೇಳಹೋಗಿ ಇದನ್ನು ಬರೆದರೆ ಅಗ್ಗದ ಮಾಲು ಎಂದು ನೀವೇ ಬರೆದುಕೊಟ್ಟ ಹಾಗೆ.

‘ಬ್ವೊನೊ’ ನಾಮಪದವೂ ಹೌದು. ಆಗ ಅದು ಚೀಟಿ, ಕೂಪನ್. ‘ಬ್ವೊನೊ ದೋರ್ದಿನೆ’ ಖರೀದಿ ಆದೇಶದ ಚೀಟಿ, ‘ಬ್ವೊನೊ ಪಾಸ್ತೊ’ ಊಟದ ಕೂಪನ್. ಇಮೇಲ್‌ನಲ್ಲಿ ‘ಬ್ವೊನೊ’ ನಂತರ ಸಂಖ್ಯೆ ಕಂಡರೆ ಹೊಗಳಿಕೆ ಹುಡುಕಬೇಡಿ, ಅದು ದಾಖಲೆಯ ಸಂಖ್ಯೆ.

ಇನ್ನೊಂದು ಮಾತು. ಮಾರುವವರು ‘ನಮ್ಮ ಕಾಫಿ ಬ್ವೊನೊ’ ಎಂದು ಬರೆದರೆ ಕೊಳ್ಳುವವರಿಗೆ ಏನೂ ಹೇಳಿದಂತಾಗುವುದಿಲ್ಲ. ರೋಬಸ್ಟಾ ಪಾರ್ಚ್‌ಮೆಂಟೋ (ಹಣ್ಣಿನ ಸಿಪ್ಪೆ ತೆಗೆದು ಒಣಗಿಸಿದ್ದು) ಚೆರಿಯೋ (ಹಣ್ಣಿನ ಸಮೇತ ಒಣಗಿಸಿದ್ದು), ಬೀಜದ ಗಾತ್ರದಲ್ಲಿ ಎಬಿ ದರ್ಜೆಯೋ ಬೇರೆಯೋ, ತೇವಾಂಶ ಎಷ್ಟು ಎಂಬುದನ್ನು ಬರೆಯಿರಿ. ಅರೇಬಿಕಾ ಆಗಿದ್ದರೆ ಕೊಡಗಿನ ಅರೇಬಿಕಾಕ್ಕೆ 2019ರಲ್ಲಿ ಸಿಕ್ಕ ಭೌಗೋಳಿಕ ಗುರುತನ್ನು (ಜಿಐ ಟ್ಯಾಗ್) ಹೇಳಿ. ರುಚಿಗೆ ‘ಕೊರ್ಪೋಸೊ’ (ಮೈಕಟ್ಟುಳ್ಳ), ‘ಅಮಾರೊ’ (ಕಹಿ), ‘ಆಚಿದೊ’ (ಹುಳಿ) ಇವು ಕೆಲಸಕ್ಕೆ ಬರುತ್ತವೆ. ಅವರ ಕಡೆಯಿಂದ ‘ಸಾ ದಿ ಮುಫ್ಫ’ ಎಂದು ಬಂದರೆ ಬೂಷ್ಟಿನ ವಾಸನೆ ಎಂದು. ಕಣದಲ್ಲಿ ಸರಿಯಾಗಿ ಒಣಗದೆ ಚೀಲಕ್ಕೆ ಹೋದ ಕಾಫಿಗೆ ಈ ದೂರು ಬರುತ್ತದೆ.


ವಿರಾಜಪೇಟೆ ಓದುಗ

ಮೇಷ್ಟ್ರೇ, ‘ಸ’ಕಾರಕ್ಕೆ ಒತ್ತು ಬಂದರೆ ಪೂರ್ತಿ ಬ್ವೊನೊ ಎಂಬುದು ಪುಸ್ತಕದ ನಿಯಮ. ಆಡುಮಾತಿನಲ್ಲಿ ಇಟಲಿಯವರೇ ‘ಉನ್ ಬ್ವೊನ್ ಸ್ತಿಪೆಂದ್ಯೊ’ (ಒಳ್ಳೆಯ ಸಂಬಳ) ಎಂದು ಮೊಟಕು ಮಾಡುವುದು ಸಾಮಾನ್ಯ. ಕೇಳಿದಾಗ ಗಾಬರಿ ಬೇಡ. ಅಲ್ಲದೆ ‘ಬ್ವೊನೊ ಸ್ಕೊಂತೊ’ ಅಂದರೆ ರಿಯಾಯಿತಿ ಕೂಪನ್ ಎಂದೇ ಕೇಳಿಸುತ್ತದೆ, ಹಾಗಾಗಿ ಒಳ್ಳೆಯ ರಿಯಾಯಿತಿ ಎನ್ನಲು ಜನ ‘ಬ್ವೊನ್ ಸ್ಕೊಂತೊ’ ಎನ್ನುವುದೂ ಸಹಜ. ಇಟಾಲಿಯನ್ ಭಾಷಾ ಪರೀಕ್ಷೆಗೆ ಮಾತ್ರ, ಪೆರುಜಾ ವಿಶ್ವವಿದ್ಯಾಲಯದ ಚೆಲಿಯೋ ಸಿಯೆನಾ ವಿಶ್ವವಿದ್ಯಾಲಯದ ಚಿಲ್ಸೋ ಯಾವುದಾದರೂ ಸರಿ, ಪುಸ್ತಕದ ನಿಯಮವನ್ನೇ ಬರೆಯಿರಿ.

ಮುಂಚೆಯೋ ನಂತರವೋ ಎಂಬುದಕ್ಕೆ ಉತ್ತರ ಪೂರ್ತಿ ಬಂದಿಲ್ಲ. ವಸ್ತುಗಳಲ್ಲಿ ವ್ಯತ್ಯಾಸ ಸಣ್ಣದು: ‘ಉನ್ ಬ್ವೊನ್ ಕಫ್ಫೇ’ ಸುಮ್ಮನೆ ಒಳ್ಳೆಯ ಕಾಫಿ, ‘ಉನ್ ಕಫ್ಫೇ ಬ್ವೊನೊ’ ಅಂದರೆ ಬೇರೆಯದಕ್ಕಿಂತ ವಿಂಗಡಿಸಿ, ಒಳ್ಳೆಯದಾದ ಕಾಫಿಯನ್ನೇ ಎಂದು ಒತ್ತಿ ಹೇಳಿದಂತೆ. ಮನುಷ್ಯರಲ್ಲಿ ಅರ್ಥವೇ ಸರಿಯುತ್ತದೆ. ‘ಉನ್ ಬ್ವೊನ್ ಮೇದಿಕೊ’ ಕಸುಬು ಬಲ್ಲ ಡಾಕ್ಟರು, ‘ಉನ್ ಮೇದಿಕೊ ಬ್ವೊನೊ’ ದಯೆಯುಳ್ಳ ಡಾಕ್ಟರು.

ಹೋಂಸ್ಟೇಯವರಿಗೆ ಮುಖ್ಯವಾದ ಎಚ್ಚರಿಕೆ: ಹೆಣ್ಣುಮಕ್ಕಳ ವಿಷಯದಲ್ಲಿ ‘ಎ ಬ್ವೊನ’ ಎನ್ನಬೇಡಿ. ಬೀದಿ ಮಾತಿನಲ್ಲಿ, ಅದರಲ್ಲೂ ‘ಬೊನ’ ಎಂದಾಗ, ಅದು ಮೈಮಾಟದ ಬಗ್ಗೆ ಆಡುವ ಒರಟು ಮಾತು. ಅಡುಗೆ, ಹಾಡು, ಭಾಷೆ ಯಾವುದರಲ್ಲಿ ಜಾಣೆಯಾದರೂ ‘ಬ್ರಾವ’. ಚಪ್ಪಾಳೆ ತಟ್ಟಿ ಹೊಗಳುವಾಗಲೂ ಇಬ್ಬರು ಹೆಂಗಸರಿಗೆ ‘ಬ್ರಾವೆ’, ಗಂಡಸರು ಸೇರಿದ್ದರೆ ‘ಬ್ರಾವಿ’. ಎಲ್ಲರಿಗೂ ‘ಬ್ರಾವೊ’ ಎನ್ನುವುದು ಇಟಲಿಯ ಹೊರಗಿನ ರೂಢಿ.

ಕನ್ನಡದ ‘ಒಳ್ಳೆ’ ಇರುವಲ್ಲೆಲ್ಲ ಬ್ವೊನೊ ಕೂರುವುದಿಲ್ಲ. ಇವನ್ನು ಒಂದೊಂದಾಗಿ ಕಲಿಯಬೇಕು.

ಜೇನು ಗಂಟಲಿಗೆ ಒಳ್ಳೆಯದು: ಇಲ್ ಮ್ಯೇಲೆ ಫಾ ಬೇನೆ ಅಲ್ಲ ಗೋಲ. ಇಲ್ಲಿ ಬ್ವೊನೊ ಬಂದರೆ ರುಚಿಯ ಮಾತಾಗುತ್ತದೆ, ಗುಣದ ಮಾತಾಗುವುದಿಲ್ಲ.

ಬೇಗ ಹೊರಡುವುದು ಒಳ್ಳೆಯದು: ಎ ಮೆಲ್ಯೊ ಪರ್ತೀರೆ ಪ್ರೆಸ್ತೊ.

ಒಳ್ಳೆ ಚಳಿ: ಫಾ ಉನ್ ಬೆಲ್ ಫ್ರೆದ್ದೊ. ನಮ್ಮ ‘ಒಳ್ಳೆ’ ಜೋರು ಎಂಬ ಅರ್ಥ ಕೊಡುವ ಕಡೆ ಅವರು ಹಲವು ಸಲ ಬೆಲ್ಲೊವನ್ನು ತರುತ್ತಾರೆ. ಜೂನ್-ಜುಲೈಯಲ್ಲಿ ಭಾಗಮಂಡಲದ ಕಡೆ ಸುರಿಯುವಂಥ ಒಳ್ಳೆ ಮಳೆಗೆ ‘ಪ್ಯೋವೆ ಫೋರ್ತೆ’ ಎನ್ನುವುದೇ ನೇರ.

ಹಾಲು ಕೆಟ್ಟಿಲ್ಲ ತಾನೆ: ಇಲ್ ಲಾತ್ತೆ ಎ ಅಂಕೋರ ಬ್ವೊನೊ? ಇಲ್ಲಿ ಬ್ವೊನೊ ಸರಿ. ಟಿಕೆಟ್ ಇನ್ನೂ ಚಾಲ್ತಿಯಲ್ಲಿದೆ ಎನ್ನಲೂ ಇದೇ ಪದ.

ಚಾರಣಕ್ಕೆ ಕಳಿಸುವಾಗ ಕೆಲಸಕ್ಕೆ ಬರುವುದೊಂದು: ಅಳತೆಯ ನಂತರ ಬ್ವೊನೊ ಸೇರಿದರೆ ‘ಏನಿಲ್ಲೆಂದರೂ ಅಷ್ಟು’ ಎಂದು. ‘ದೂಯೆ ಓರೆ ಬ್ವೊನೆ’ ಅಂದರೆ ಎರಡು ಗಂಟೆ ಖಂಡಿತ ಹಿಡಿಯುತ್ತದೆ, ಹೆಚ್ಚೂ ಆಗಬಹುದು. ಒಳ್ಳೆಯ ಎರಡು ಗಂಟೆ ಕಳೆಯಿರಿ ಎಂದು ಹಾರೈಸಿದ್ದಲ್ಲ.


ಕಕ್ಕಬ್ಬೆ ಹೋಂಸ್ಟೇ

ಮೂವರಿಗೂ ತುಂಬಾ ಧನ್ಯವಾದ. ಬೋರ್ಡಿಗೆ ಹೀಗೆ ಬರೆಯಬಹುದಾ, ತಿದ್ದಿ ಕೊಡಿ:

ಬ್ವೊನೊ ಕಫ್ಫೇ, ಬ್ವೊನ ಮ್ಯೇಲೆ, ಬ್ವೊನೊ ಅರಾಂಚೆ. ಊಟದ ಹೊತ್ತಿಗೆ ಬ್ವೊನೊ ಅಪ್ಪೆತೀತೊ. ಹೊರಡುವವರಿಗೆ ಬ್ವೊನ್‌ಜೋರ್ನೊ. ನೋಟಕ್ಕೆ ಬ್ವೊನ ಪನೊರಾಮ. ದುಬಾರೆಯ ಆನೆಗಳಿಗೆ ಏನು ಹೇಳಬೇಕು ಗೊತ್ತಾಗಲಿಲ್ಲ. ಪುತ್ತರಿ ಸಮಯಕ್ಕೆ ಬರುವವರಿಗೆ ಹಬ್ಬದ ಶುಭಾಶಯವೂ ಬೇಕು. ಉಚ್ಚಾರಣೆ ಕೂಡ ಒಂದು ಸಲ ಹೇಳಿಬಿಡಿ, ಕೆಲವರು ಬುಓನೊ ಎನ್ನುತ್ತಾರೆ.


ಮಡಿಕೇರಿ ಮೇಷ್ಟ್ರು

ತಿದ್ದಿದ್ದು ಹೀಗೆ.

‘ಬ್ವೊನ್ ಕಫ್ಫೇ’, ‘ಬ್ವೊನ್ ಮ್ಯೇಲೆ’. ಎರಡೂ ಗಂಡು, ಎರಡೂ ಮೊಟಕಾಗುತ್ತವೆ. ಕಿತ್ತಳೆ ಹೆಣ್ಣು, ನೀವು ಬರೆದದ್ದು ಬಹುವಚನ, ಆದ್ದರಿಂದ ‘ಬ್ವೊನೆ ಅರಾಂಚೆ’. ಬಹುವಚನದಲ್ಲಿ ಮೊಟಕು ಮಾಡುವ ಪ್ರಶ್ನೆಯೇ ಇಲ್ಲ. ಕಫ್ಫೇ ಪದ ಮಾತ್ರ ಬಹುವಚನದಲ್ಲೂ ಬದಲಾಗುವುದಿಲ್ಲ, ಎರಡು ಒಳ್ಳೆಯ ಕಾಫಿಗೆ ‘ದೂಯೆ ಬ್ವೊನಿ ಕಫ್ಫೇ’.

‘ಬ್ವೊನ್ ಅಪ್ಪೆತೀತೊ’, ಅಪಾಸ್ಟ್ರಫಿ ಇಲ್ಲದೆ. ಶಿಷ್ಟಾಚಾರದ ಪುಸ್ತಕಗಳು ಇದನ್ನು ಹೇಳಬಾರದು ಎನ್ನುವುದುಂಟು, ಆದರೆ ಮನೆ, ಹೋಟೆಲು ಎಲ್ಲ ಕಡೆ ಹೇಳುತ್ತಾರೆ. ಕೋಣೆ ತೋರಿಸುವಾಗ ‘ಬ್ವೊನ್ ಸೊಜ್ಜೋರ್ನೊ’ ಹೇಳಿ, ಇಲ್ಲಿ ಸುಖವಾಗಿರಿ ಎಂದು.

‘ಬ್ವೊನ್‌ಜೋರ್ನೊ’ ಎದುರಾದಾಗ ಹೇಳುವುದು. ಬೆಳಿಗ್ಗೆ ಹೊರಡುವವರಿಗೆ ‘ಬ್ವೊನ ಜೊರ್ನಾತ’, ಸಂಜೆ ಬೀಳ್ಕೊಡುವಾಗ ‘ಬ್ವೊನ ಸೆರಾತ’. ‘ಬ್ವೊನಸೇರ’ ಕೂಡ ಎದುರಾದಾಗ ಹೇಳುವುದು. ಇಟಲಿಯ ಕೆಲವು ಕಡೆ ಮಧ್ಯಾಹ್ನದ ಊಟ ಆದೊಡನೆ ಬ್ವೊನಸೇರ ಶುರುವಾಗುತ್ತದೆ, ಇನ್ನು ಕೆಲವು ಕಡೆ ಹೊತ್ತು ಇಳಿದ ಮೇಲೆ. ‘ಬ್ವೊನನೊತ್ತೆ’ ಮಲಗಲು ಹೋಗುವಾಗ ಮಾತ್ರ, ರಾತ್ರಿ ಬಂದಿಳಿದ ಅತಿಥಿಗೆ ಬಾಗಿಲಲ್ಲಿ ಹೇಳಬೇಡಿ.

ನೋಟಕ್ಕೆ ‘ಬೆಲ್ ಪನೊರಾಮ’. ಬೆಲ್ಲೊ ಮೊಟಕಾಗುವ ರೀತಿ ಬೇರೆ, ಅದು ನಾಮಪದದ ಮುಂಚೆ ಬರುವ, ಇಂಗ್ಲಿಷ್‌ನ ‘ದಿ’ ಇದ್ದ ಹಾಗಿನ ನಿರ್ದೇಶಕ ಪದವನ್ನು ಹಿಂಬಾಲಿಸುತ್ತದೆ. ಇಲ್ ಬರುವ ಕಡೆ ಬೆಲ್, ಲೊ ಬರುವ ಕಡೆ ಬೆಲ್ಲೊ, ಇ ಬರುವ ಕಡೆ ಬೇಯ್, ಲ್ಯಿ ಬರುವ ಕಡೆ ಬೆಲ್ಯಿ. ಹೂಗಳಿಗೆ ‘ಬೇಯ್ ಫ್ಯೋರಿ’. ದುಬಾರೆಯ ಆನೆಗಳು ಸ್ವರದಿಂದ ಶುರುವಾಗುವ ಗಂಡು ಬಹುವಚನ, ‘ಬೆಲ್ಯಿ ಎಲೆಫಾಂತಿ’. ಒಂದೇ ಆನೆಯಾದರೆ ‘ಬೆಲ್ಲ್’ ಎಂದು ನಿಲ್ಲಿಸಿ ಅಪಾಸ್ಟ್ರಫಿ ಹಾಕಿ ‘ಎಲೆಫಾಂತೆ’ ಸೇರಿಸಿ. ಅಬ್ಬಿ ಜಲಪಾತಕ್ಕೆ ‘ಬೆಲ್ಲ ಕಸ್ಕಾತ’, ಜಲಪಾತ ಹೆಣ್ಣು. ಮೇಲೆ ‘ಒಳ್ಳೆ ಚಳಿ’ಯಲ್ಲಿ ಬಂದದ್ದೂ ಇದೇ ಬೆಲ್.

ಪುತ್ತರಿಗೆ ‘ಬ್ವೊನ ಫೆಸ್ತ’ ಎನ್ನಿ. ಪುತ್ತರಿ ನಲ್ಲಾಮೆ ಎಂಬುದರ ಪಕ್ಕದಲ್ಲೇ ಬರೆದರೆ ಅತಿಥಿಗೆ ಕೊಡವ ತಕ್ಕ್‌ನ (ಕೊಡವರ ಭಾಷೆಯ) ಮಾತೂ ಸಿಗುತ್ತದೆ. ಕ್ರಿಸ್‌ಮಸ್‌ಗೆ ಬರುವವರಿಗೆ ‘ಬ್ವೊನ್ ನತಾಲೆ’, ಹೊಸ ವರ್ಷಕ್ಕೆ ‘ಬ್ವೊನ್ ಆನ್ನೊ’. ಇದರಲ್ಲಿ ನಕಾರದ ಒತ್ತನ್ನು ಬಿಡಬಾರದು, ‘ಆನೊ’ ಎಂದು ಹಗುರ ಮಾಡಿದರೆ ಗುದದ್ವಾರ ಎಂಬ ಅರ್ಥ ಬರುತ್ತದೆ.

ಉಚ್ಚಾರಣೆ: ‘ಬುಓನೊ’ ಎಂದು ಮೂರಾಗಿ ಒಡೆಯಬಾರದು. ‘ಬ್ವೊ’ ಒಂದೇ ಉಸಿರು, ಬಕಾರಕ್ಕೆ ವಕಾರದ ಒತ್ತು ಕೊಟ್ಟ ಹಾಗೆ, ಆಮೇಲೆ ‘ನೊ’. ದನಿಯ ಒತ್ತು ಮೊದಲ ಭಾಗದ ಮೇಲೆ. ಆ ಒತ್ತು ಮುಂದಕ್ಕೆ ಸರಿದ ‘ಬೊಂತಾ’ದಲ್ಲಿ (ಒಳ್ಳೆಯತನ) ‘ಬ್ವೊ’ ಸರಳ ‘ಬೊ’ ಆಗಿರುವುದನ್ನು ನೋಡಬಹುದು. ಜೋಡಿ ವ್ಯಂಜನದಲ್ಲಿ ನಮಗೆ ಅನುಕೂಲವಿದೆ. ಹಳಿ, ಹಳ್ಳಿ ಬೇರೆ ಮಾಡುವ ನಾಲಿಗೆಗೆ ನೋನೊ (ಒಂಬತ್ತನೆಯ), ನೊನ್ನೊ (ಅಜ್ಜ) ಬೇರೆ ಮಾಡುವುದು ಕಷ್ಟವಲ್ಲ. ಇಂಗ್ಲಿಷ್ ಲಿಪಿಯ ಮೂಲಕ ಕಲಿತವರು ಕಫ್ಫೇ, ಬೆಲ್ಲೊಗಳ ಒತ್ತನ್ನು ನುಂಗಿಬಿಡುತ್ತಾರೆ, ಅದಕ್ಕೇ ಬೋರ್ಡಿನ ಹಿಂಬದಿಯಲ್ಲಿ ಕೆಲಸದವರಿಗಾಗಿ ಇವನ್ನು ಕನ್ನಡದಲ್ಲಿ ಬರೆದಿಡಿ.